ಚಳಿ ತಡೆಯದ ಗಿಡಗಳು, ಕೊಯ್ದಿಟ್ಟ ಸೇಬು: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲ ಹತ್ತಿರ ಬಂದಾಗ ತೋಟದಲ್ಲಿ ಎರಡು ಕೆಲಸ ಒಟ್ಟಿಗೇ ಬಂದು ಕೂರುತ್ತವೆ. ಚಳಿ ತಡೆಯದ ಗಿಡಗಳನ್ನು ಉಳಿಸಿಕೊಳ್ಳಬೇಕು, ಮರದ ತುಂಬ ಇರುವ ಸೇಬನ್ನು ಕೆಡದ ಹಾಗೆ ಇಡಬೇಕು. ಎರಡರಲ್ಲೂ ಹೆಚ್ಚಿನವರು ಎಡವುವುದು ಒಂದೇ ಕಡೆ: ಬೇಕಾದ್ದಕ್ಕಿಂತ ಬೆಚ್ಚಗೆ ಇಡುತ್ತಾರೆ. ಹೆಚ್ಚಿನ ಗಿಡಗಳಿಗೂ ಹಣ್ಣಿಗೂ ಬೇಕಾದ್ದು ಹೆಪ್ಪುಗಟ್ಟದಷ್ಟು ತಂಪು, ಅಷ್ಟೆ. ಇದು ತಲೆಯಲ್ಲಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನೀವೇ ಹೇಳಬಹುದು.

ಗಿಡಗಳನ್ನು ಯಾವಾಗ ಒಳಗೆ ತರಬೇಕು?

ಎಲ್ಲಕ್ಕೂ ಒಂದೇ ದಿನ ಅಂತ ಇಲ್ಲ. ದಾಸವಾಳ, ಕರಿಬೇವು, ಮನೆಯೊಳಗಿನ ಅಲಂಕಾರದ ಗಿಡಗಳಂಥ ಉಷ್ಣವಲಯದವು ರಾತ್ರಿ 10 ಡಿಗ್ರಿಗೆ ಇಳಿಯುವ ಹೊತ್ತಿಗೆ ಒಳಗಿರಬೇಕು. ಜೆರೇನಿಯಂ, ಫ್ಯೂಷಿಯಾ, ನಿಂಬೆ ಜಾತಿಯವು 5 ಡಿಗ್ರಿವರೆಗೆ ಕಾಯುತ್ತವೆ. ಡೇಲಿಯಾ ಗೆಡ್ಡೆಗೆ ಆತುರವೇ ಬೇಡ, ಮೊದಲ ಹಿಮಕ್ಕೆ ಎಲೆ ಕಪ್ಪಾದ ಮೇಲೆ ಅಗೆದರೂ ಆಯಿತು.

ಹವಾಮಾನ ವರದಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಅದರಲ್ಲಿ ಹೇಳುವ ಉಷ್ಣತೆಯನ್ನು ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲೆ ಅಳೆದಿರುತ್ತಾರೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲದ ಹತ್ತಿರ ಅದಕ್ಕಿಂತ ಕೆಲವು ಡಿಗ್ರಿ ಕಡಿಮೆ ಇರುತ್ತದೆ. ವರದಿಯಲ್ಲಿ 3 ಡಿಗ್ರಿ ಅಂತ ಇದ್ದು ಆಕಾಶ ಶುಭ್ರವಾಗಿದ್ದರೆ ಆವತ್ತೇ ಕುಂಡ ಎತ್ತಿ ಒಳಗಿಡಿ.

ಒಂದೇ ರಾತ್ರಿಯಲ್ಲಿ ಗಿಡ ಕಪ್ಪಾಗುವುದು ಯಾಕೆ?

ಎಲೆಯ ಕೋಶಗಳ ನಡುವೆ ಇರುವ ನೀರು ಮೊದಲು ಹೆಪ್ಪುಗಟ್ಟುತ್ತದೆ. ಆ ಮಂಜುಗಡ್ಡೆ ಕೋಶದ ಒಳಗಿನ ನೀರನ್ನೂ ಎಳೆದುಕೊಳ್ಳುತ್ತದೆ, ಕೋಶದ ಪೊರೆ ಹರಿಯುತ್ತದೆ. ಬೆಳಿಗ್ಗೆ ಬಿಸಿಲು ಬಂದು ಕರಗಿದಾಗ ಎಲೆ ಜೋತುಬಿದ್ದು ಕಪ್ಪಾಗುತ್ತದೆ. ಉಷ್ಣವಲಯದ ಗಿಡಗಳಿಗಂತೂ ಸೊನ್ನೆಯವರೆಗೆ ಹೋಗಬೇಕಾಗಿಯೇ ಇಲ್ಲ, 5 ಡಿಗ್ರಿ ಚಳಿಗೇ ತುಳಸಿ ಜಾತಿಯ ಎಲೆಗಳು ಕಪ್ಪಾಗುತ್ತವೆ.

ಇರುವ ಎಲ್ಲ ಗಿಡವನ್ನೂ ಉಳಿಸಬೇಕಾ?

ಬೇಡ. ಜಾಗ ಕಡಿಮೆ ಇರುತ್ತದೆ, ಬೆಳಕು ಅದಕ್ಕಿಂತ ಕಡಿಮೆ ಇರುತ್ತದೆ. ಝಿನ್ನಿಯಾ, ಕಾಸ್ಮಾಸ್, ಚೆಂಡುಹೂವಿನಂಥ ಒಂದೇ ವರ್ಷದ ಗಿಡಗಳ ಬೀಜ ತೆಗೆದಿಟ್ಟುಕೊಂಡು ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿ. ರೋಗ ಹಿಡಿದ ಗಿಡವನ್ನು ಕನಿಕರಪಟ್ಟು ಒಳಗೆ ತರಬೇಡಿ, ಅದು ಉಳಿದವಕ್ಕೂ ಹಂಚುತ್ತದೆ.

ಆದರೆ ಮೆಣಸಿನಕಾಯಿ ಗಿಡವನ್ನು ಹಾಗೆ ಎಸೆಯಬೇಡಿ, ಅದು ಉಳಿಸಲು ಯೋಗ್ಯ. ಎಲ್ಲರೂ ಒಂದು ವರ್ಷದ್ದು ಅಂದುಕೊಂಡಿರುತ್ತಾರೆ, ನಿಜವಾಗಿ ಅದು ಹಲವು ವರ್ಷ ಬದುಕುವ ಗಿಡ. ಕಾಯಿ ಎಲ್ಲ ಕಿತ್ತು, ಮುಖ್ಯ ಕಾಂಡ ಕವಲೊಡೆಯುವ ಜಾಗದಿಂದ ಸ್ವಲ್ಪ ಮೇಲಕ್ಕೆ ಕತ್ತರಿಸಿ, ಚಿಕ್ಕ ಕುಂಡಕ್ಕೆ ಹಾಕಿ, 10 ಡಿಗ್ರಿಗಿಂತ ಕೆಳಗಿಳಿಯದ ಬೆಳಕಿನ ಜಾಗದಲ್ಲಿಡಿ. ನೋಡಲು ಬರೀ ಕಡ್ಡಿ ಅನಿಸುತ್ತದೆ. ಆದರೆ ಮುಂದಿನ ವರ್ಷ ಬೀಜದಿಂದ ಬಂದ ಗಿಡಕ್ಕಿಂತ ಮೊದಲೇ ಕಾಯಿ ಬಿಡುತ್ತದೆ.

ಮನೆಯಲ್ಲಿ ಯಾವ ಜಾಗ ಯಾವ ಗಿಡಕ್ಕೆ?

ಎಲೆ ಉಳಿಸಿಕೊಳ್ಳುವ ಗಿಡಕ್ಕೆ ಬೆಳಕು ಬೇಕು, ಎಲೆ ಉದುರಿಸಿ ಮಲಗುವ ಗಿಡಕ್ಕೆ ಬೇಡ. ಇಷ್ಟು ನೆನಪಿಟ್ಟುಕೊಂಡರೆ ಜಾಗ ಹುಡುಕುವುದು ಸುಲಭ. ನಿಂಬೆ, ಕಿತ್ತಳೆ, ರೋಸ್ಮರಿ, ಜೆರೇನಿಯಂ ಇವಕ್ಕೆ ಬಿಸಿ ಮಾಡದ ಆದರೆ ಬೆಳಕಿರುವ ಕೋಣೆ, ಗಾಜು ಹಾಕಿದ ವರಾಂಡ, ಹೆಪ್ಪುಗಟ್ಟದ ಹಸಿರುಮನೆ ಸರಿಹೋಗುತ್ತದೆ. ಹಗಲು ರಾತ್ರಿ 5ರಿಂದ 12 ಡಿಗ್ರಿ ಒಳಗೆ ಇದ್ದರೆ ಸಾಕು. ಫ್ಯೂಷಿಯಾ, ಬ್ರಗ್ಮಾನ್ಸಿಯಾ (ತುತ್ತೂರಿಯಂಥ ಹೂ ಜೋತುಬೀಳುವ ಗಿಡ), ಡೇಲಿಯಾ ಮತ್ತು ಕ್ಯಾನಾ ಗೆಡ್ಡೆಗಳನ್ನು ಕತ್ತಲಿರುವ ಗ್ಯಾರೇಜು, ನೆಲಮಾಳಿಗೆಯಲ್ಲೂ ಇಡಬಹುದು. ದಾಸವಾಳ, ಕರಿಬೇವು ಮನೆಯೊಳಗೆ ಅತಿ ಹೆಚ್ಚು ಬೆಳಕಿರುವ ಕಿಟಕಿಯ ಹತ್ತಿರ ಇರಲಿ, ಹೀಟರ್ ಪಕ್ಕ ಮಾತ್ರ ಬೇಡ. ಕರಿಬೇವು ಎಲೆ ಉದುರಿಸಿದರೆ ಗಾಬರಿ ಬೇಡ, ತಂಪಿಗೆ ಅದು ಸ್ವಲ್ಪ ದಿನ ಮಲಗುತ್ತದೆ. ಆಗ ನೀರು ಜಾಸ್ತಿ ಹಾಕಿದರೇ ಬೇರು ಕೊಳೆಯುವುದು.

ಸೋಫಾ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಇಟ್ಟರೆ ಏನಾಗುತ್ತದೆ ಅಂತ ಕೇಳುವವರು ತುಂಬ. ಬೆಚ್ಚಗಿದ್ದರೆ ಗಿಡ ಬೆಳೆಯಲು ಹೊರಡುತ್ತದೆ, ಆದರೆ ಬೆಳಕು ಸಾಲದು. ಉದ್ದುದ್ದ ಬಿಳಿಚಿದ ಚಿಗುರು ಬರುತ್ತದೆ, ಅದಕ್ಕೆ ಗಿಡಹೇನು ಮುತ್ತುತ್ತದೆ.

ಡೇಲಿಯಾ ಗೆಡ್ಡೆ ಪ್ರತಿ ವರ್ಷ ಕೊಳೆಯುತ್ತದೆ, ಇಲ್ಲವೇ ಒಣಗಿ ಕಡ್ಡಿಯಾಗುತ್ತದೆ. ಏನು ಮಾಡಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಎಲೆ ಕಪ್ಪಾದ ಮೇಲೆ ಕಾಂಡವನ್ನು ನೆಲದಿಂದ 10ರಿಂದ 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಬುಡದಿಂದ ದೂರದಲ್ಲಿ, ಸುತ್ತಲೂ ಅಗೆದು, ಕೆಳಗಿನಿಂದ ಎತ್ತಿ. ಕಾಂಡ ಹಿಡಿದು ಎಳೆಯಬೇಡಿ. ಗೆಡ್ಡೆ ಎಷ್ಟು ದಪ್ಪ ಇದೆ ಅನ್ನುವುದು ಮುಖ್ಯವಲ್ಲ. ಮುಂದಿನ ವರ್ಷದ ಚಿಗುರಿನ ಕಣ್ಣು ಇರುವುದು ಗೆಡ್ಡೆ ಕಾಂಡಕ್ಕೆ ಸೇರುವ ಕತ್ತಿನ ಹತ್ತಿರ. ಕತ್ತು ಮುರಿದ ಗೆಡ್ಡೆ ಎಷ್ಟೇ ಚೆನ್ನಾಗಿ ಕಂಡರೂ ಮೊಳೆಯುವುದಿಲ್ಲ.

ಮಣ್ಣು ಉದುರಿಸಿ, ಕಾಂಡ ಕೆಳಮುಖವಾಗಿ ಇಟ್ಟು ಒಂದೆರಡು ವಾರ ಗಾಳಿಯಾಡುವ ನೆರಳಿನಲ್ಲಿ ಬಿಡಿ. ಡೇಲಿಯಾ ಕಾಂಡ ಟೊಳ್ಳು, ಅದರೊಳಗೆ ನಿಂತ ನೀರು ಕತ್ತಿಗೆ ಇಳಿದರೆ ಅಲ್ಲಿಂದಲೇ ಕೊಳೆ ಶುರು. ಆಮೇಲೆ ರಟ್ಟಿನ ಅಥವಾ ಮರದ ಪೆಟ್ಟಿಗೆಯಲ್ಲಿ ಒಣ ಮರಳು, ಮರದ ಪುಡಿ, ಕೋಕೋಪೀಟ್, ವರ್ಮಿಕ್ಯುಲೈಟ್ (ಹಗುರವಾದ ಖನಿಜದ ಚೂರು) ಇವುಗಳಲ್ಲಿ ಯಾವುದಾದರೂ ಹಾಕಿ ಗೆಡ್ಡೆಗಳು ಒಂದಕ್ಕೊಂದು ತಾಗದ ಹಾಗೆ ಮುಚ್ಚಿಡಿ. ಉಷ್ಣತೆ 4ರಿಂದ 8 ಡಿಗ್ರಿ ಇರಲಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಬೇಡ.

ತಿಂಗಳಿಗೊಮ್ಮೆ ತೆಗೆದು ನೋಡಿ. ಮೆತ್ತಗಾದ ಭಾಗ ಕಂಡರೆ ಗಟ್ಟಿ ತಿರುಳು ಸಿಗುವವರೆಗೆ ಕತ್ತರಿಸಿ ಒಣಗಿಸಿ. ಸುರುಟಿಕೊಂಡಿದ್ದರೆ ಪುಡಿಯ ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಕೊಳೆಯುವವರ ಮನೆ ಜಾಗ ತೇವ, ಒಣಗುವವರ ಮನೆ ಜಾಗ ಬೆಚ್ಚಗೆ. ಹಾಗಾಗಿ ಯಾರದೋ ವಿಧಾನ ನಕಲು ಮಾಡುವ ಮೊದಲು ನಿಮ್ಮ ಜಾಗ ಯಾವ ಥರದ್ದು ಅಂತ ನೋಡಿಕೊಳ್ಳಿ. ಒಂದು ಅಗ್ಗದ ಥರ್ಮಾಮೀಟರ್ ತಂದು ಅಲ್ಲಿ ನೇತುಹಾಕಿ ಅನ್ನುವುದೇ ನನ್ನ ಸಲಹೆ.

ಕ್ಯಾನಾ, ಗ್ಲಾಡಿಯೋಲಸ್, ಬಿಗೋನಿಯಾಕ್ಕೂ ಇದೇ ಕ್ರಮವಾ?

ಹೆಚ್ಚುಕಡಿಮೆ. ಕ್ಯಾನಾ ಗೆಡ್ಡೆ ಪೂರ್ತಿ ಒಣಗಬಾರದು, ಸ್ವಲ್ಪ ತೇವದ ಪುಡಿಯಲ್ಲಿ ಇಡಿ, ಡೇಲಿಯಾಕ್ಕಿಂತ ಒಂಚೂರು ಬೆಚ್ಚಗಿದ್ದರೂ ನಡೆಯುತ್ತದೆ. ಗ್ಲಾಡಿಯೋಲಸ್ ಇದಕ್ಕೆ ತದ್ವಿರುದ್ಧ: ಎರಡು ಮೂರು ವಾರ ಬೆಚ್ಚನೆಯ ಜಾಗದಲ್ಲಿ ಚೆನ್ನಾಗಿ ಒಣಗಿಸಿ, ಕೆಳಗೆ ಅಂಟಿಕೊಂಡಿರುವ ಹಳೆಯ ಸುಕ್ಕುಗಡ್ಡೆಯನ್ನು ಮುರಿದು ಬಿಸಾಡಿ, ಹೊಸದನ್ನು ಬಲೆಚೀಲದಲ್ಲಿ ತಂಪಾಗಿ ತೂಗುಹಾಕಿ. ಗೆಡ್ಡೆ ಬಿಗೋನಿಯಾ ಕೂಡ ಒಣಗಿಯೇ ಇರಬೇಕು.

ಜೆರೇನಿಯಂ ಕುಂಡಗಳು ತುಂಬ ಇವೆ, ಜಾಗ ಇಲ್ಲ. ದಾರಿ ಇದೆಯಾ?

ಇದೆ. ಕುಂಡದ ಸಮೇತ ಇಡುವುದಾದರೆ ಅರ್ಧಕ್ಕೆ ಸವರಿ, ಬೆಳಕಿನ ತಂಪು ಜಾಗದಲ್ಲಿಟ್ಟು, ಮಣ್ಣು ಒಣಗಿದ ಮೇಲಷ್ಟೇ ಸ್ವಲ್ಪ ನೀರು ಹಾಕಿ. ಜಾಗ ಇಲ್ಲದಿದ್ದರೆ ಕಡ್ಡಿ ಕತ್ತರಿಸಿ ನೆಡಿ. 8ರಿಂದ 10 ಸೆಂಟಿಮೀಟರ್ ಉದ್ದದ, ಹೂವಿಲ್ಲದ ತುದಿಗಳನ್ನು ತೆಗೆದು, ಕತ್ತರಿಸಿದ ಜಾಗ ಕೆಲವು ಗಂಟೆ ಒಣಗಲು ಬಿಟ್ಟು ಚಿಕ್ಕ ಕುಂಡದಲ್ಲಿ ಸಿಕ್ಕಿಸಿದರೆ ಹತ್ತು ಗಿಡ ಒಂದು ಕಿಟಕಿಗೆ ಸಾಕು. ಮೂರನೆಯದು ಹಳೆಯ ವಿಧಾನ: ಗಿಡವನ್ನು ಕಿತ್ತು, ಮಣ್ಣು ಕೊಡವಿ, ತಂಪಾದ ಕತ್ತಲ ಜಾಗದಲ್ಲಿ ತಲೆಕೆಳಗಾಗಿ ನೇತುಹಾಕುವುದು. ತಿಂಗಳಿಗೊಮ್ಮೆ ಬೇರನ್ನು ಒಂದೆರಡು ಗಂಟೆ ನೀರಲ್ಲಿ ಅದ್ದಿ ಮತ್ತೆ ತೂಗುಹಾಕಬೇಕು. ಕೆಲಸ ಮಾಡುತ್ತದೆ, ಆದರೆ ಎಲ್ಲ ಗಿಡವೂ ಉಳಿಯುವುದಿಲ್ಲ. ನನ್ನ ಮತ ಕಡ್ಡಿಗೇ.

ನಿಂಬೆ ಗಿಡ ಒಳಗೆ ತಂದ ಕೂಡಲೇ ಎಲೆ ಉದುರಿಸುತ್ತಿದೆ, ಸಾಯುತ್ತಿದೆಯಾ?

ಸಾಮಾನ್ಯವಾಗಿ ಇಲ್ಲ. ಹೊರಗಿನ ಬೆಳಕಿಗೆ ಹೋಲಿಸಿದರೆ ನಮ್ಮ ಕಿಟಕಿ ಕತ್ತಲೆಯೇ. ಅದರ ಮೇಲೆ ಕೋಣೆ ಬೆಚ್ಚಗಿದ್ದು ಗಾಳಿ ಒಣಗಿದ್ದರೆ ಗಿಡ ಸಾಕಲಾಗದ ಎಲೆಗಳನ್ನು ಕಳಚುತ್ತದೆ. ತಂಪಾದ, ಬೆಳಕಿನ ಜಾಗಕ್ಕೆ ಸಾಗಿಸಿ, ನೀರು ಕಡಿಮೆ ಮಾಡಿ, ಸುಮ್ನೆ ಬಿಡಿ. ತಣ್ಣನೆಯ ಕಲ್ಲಿನ ನೆಲದ ಮೇಲೆ ಕುಂಡ ಇಟ್ಟು ಎಲೆಗೆ ಬಿಸಿಲು ಬೀಳುವ ಹಾಗೆ ಮಾಡುವುದೂ ತೊಂದರೆಯೇ. ಬೇರು ತಣ್ಣಗಾಗಿ ನೀರು ಹೀರುವುದಿಲ್ಲ, ಎಲೆ ಕೇಳುತ್ತಲೇ ಇರುತ್ತದೆ. ಕುಂಡದ ಕೆಳಗೆ ಮರದ ತುಂಡು ಕೊಡಿ.

ನೀರು, ಗೊಬ್ಬರ?

ಗೊಬ್ಬರ ಬೇಡವೇ ಬೇಡ, ಹೊಸ ಚಿಗುರು ಬರುವವರೆಗೆ. ಬೆರಳನ್ನು ಮಣ್ಣಿಗೆ ತೂರಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಚಳಿಗಾಲದಲ್ಲಿ ಬಾಯಾರಿ ಸತ್ತ ಗಿಡಕ್ಕಿಂತ ನೀರು ಕುಡಿದು ಸತ್ತ ಗಿಡಗಳೇ ಜಾಸ್ತಿ.

ಒಳಗೆ ತಂದ ಮೇಲೆ ಬಿಳಿನೊಣ, ನುಸಿ ಶುರುವಾಗುತ್ತದೆ. ಯಾಕೆ?

ಅವು ಗಿಡದ ಜೊತೆಯಲ್ಲೇ ಬಂದಿರುತ್ತವೆ, ಒಳಗೆ ಅವನ್ನು ತಿನ್ನುವ ಕೀಟಗಳು ಇಲ್ಲ. ತರುವ ಮೊದಲು ಎಲೆಯ ಅಡಿಭಾಗ ನೋಡಿ, ನೀರಿನ ರಭಸಕ್ಕೆ ತೊಳೆಯಿರಿ, ಬೇಕಿದ್ದರೆ ತೆಳು ಸೋಪಿನ ನೀರು ಸಿಂಪಡಿಸಿ. ಒಂದೆರಡು ವಾರ ಬೇರೆ ಗಿಡಗಳಿಂದ ದೂರ ಇಡಿ. ಕೆಂಪು ನುಸಿಗೆ ಒಣ ಬಿಸಿ ಗಾಳಿ ಅಂದರೆ ಇಷ್ಟ, ಮತ್ತೆ ಅದೇ ಮಾತು, ತಂಪಾಗಿಡಿ.

ಕುಂಡಗಳನ್ನು ಹೊರಗೇ ಬಿಡಬಹುದಾ?

ಅಲ್ಪಸ್ವಲ್ಪ ಚಳಿ ತಡೆಯುವವನ್ನು ಬಿಡಬಹುದು. ನೆಲದಲ್ಲಿರುವ ಬೇರಿಗೆ ಸುತ್ತಲ ಮಣ್ಣು ಕಾವಲು, ಕುಂಡದ ಬೇರಿಗೆ ಎಲ್ಲ ಕಡೆಯಿಂದಲೂ ಚಳಿ. ಅದಕ್ಕೇ ನೆಲದಲ್ಲಿ ಬದುಕುವ ಗಿಡ ಕುಂಡದಲ್ಲಿ ಸಾಯುವುದು. ಕುಂಡಗಳನ್ನು ಗೋಡೆಯ ಪಕ್ಕ ಗುಂಪಾಗಿಟ್ಟು, ಗೋಣಿಚೀಲ ಅಥವಾ ಗುಳ್ಳೆ ಪ್ಲಾಸ್ಟಿಕ್ ಸುತ್ತಿ. ಗಿಡದ ತಲೆಯ ಮೇಲೆ ಮಾತ್ರ ಪ್ಲಾಸ್ಟಿಕ್ ಬೇಡ, ತೆಳು ಬಟ್ಟೆಯಂಥ ಗಾರ್ಡನ್ ಫ್ಲೀಸ್ ಹಾಕಿ. ಅದು ಒಂದೆರಡು ಡಿಗ್ರಿ ಉಳಿಸುತ್ತದೆ, ಪವಾಡ ಮಾಡುವುದಿಲ್ಲ.

ಗೆಡ್ಡೆ, ಗಿಡ, ಸೇಬು ಎಲ್ಲ ಒಂದೇ ನೆಲಮಾಳಿಗೆಯಲ್ಲಿ ಇಡಬಹುದಾ?

ದಯವಿಟ್ಟು ಬೇಡ. ಎಲ್ಲಕ್ಕೂ ತಂಪೇ ಬೇಕು ಅಂತ ಒಂದೇ ಜಾಗಕ್ಕೆ ತುಂಬುವುದು ಸಹಜ, ಆದರೆ ಸೇಬು ಸುಮ್ನೆ ಕೂರುವ ಹಣ್ಣಲ್ಲ. ಕೊಯ್ದ ಮೇಲೂ ಅದು ಉಸಿರಾಡುತ್ತದೆ, ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಹಣ್ಣು ಮಾಗಿಸುವ, ಎಲೆ ಉದುರಿಸುವ ಹಾರ್ಮೋನು ಅದು. ಪಕ್ಕದಲ್ಲಿರುವ ಜೆರೇನಿಯಂ, ಫ್ಯೂಷಿಯಾ, ನಿಂಬೆಯ ಎಲೆ ಮೊಗ್ಗು ಉದುರಬಹುದು. ಟ್ಯೂಲಿಪ್ ಗೆಡ್ಡೆಗಳನ್ನು ಸೇಬಿರುವ ಫ್ರಿಜ್ಜಿನಲ್ಲಿಟ್ಟರೆ ಒಳಗಿನ ಹೂಮೊಗ್ಗೇ ಸಾಯಬಹುದು, ಆಮೇಲೆ ಎಲೆ ಮಾತ್ರ ಬರುತ್ತದೆ. ಕ್ಯಾರೆಟ್ ಕಹಿಯಾಗುತ್ತದೆ. ಇನ್ನೊಂದು ಕಡೆಯಿಂದ ಆಲೂಗಡ್ಡೆ, ಈರುಳ್ಳಿಯ ವಾಸನೆ ಸೇಬಿಗೆ ಹತ್ತುತ್ತದೆ. ಬೇರೆ ಕೋಣೆ ಇಲ್ಲದಿದ್ದರೆ ಸೇಬನ್ನು ಫ್ರಿಜ್ಜಿಗೂ ಗಿಡವನ್ನು ಕೋಣೆಗೂ ಹಾಕಿ.

ಸೇಬು ಕೊಯ್ಯುವ ಹೊತ್ತು ಹೇಗೆ ಗೊತ್ತಾಗುತ್ತದೆ?

ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿ. ತೊಟ್ಟಿನ ಸಮೇತ ಸಲೀಸಾಗಿ ಬಂದರೆ ಆಗಿದೆ. ಎಳೆಯಬೇಕಾಗಿ ಬಂದರೆ ಬಿಡಿ. ಬಣ್ಣ ನೋಡುವುದಾದರೆ ಕೆಂಪನ್ನು ನೋಡಬೇಡಿ, ಅದರ ಹಿಂದಿನ ಹಸಿರು ಹಳದಿಗೆ ತಿರುಗಿದೆಯಾ ನೋಡಿ. ಬೀಜ ಕಂದು ಆಗಿರುವುದು ಇನ್ನೊಂದು ಗುರುತು.

ಖಚಿತವಾಗಿ ಬೇಕಾದವರು ಹಣ್ಣನ್ನು ಅಡ್ಡಕ್ಕೆ ಕೊಯ್ದು ಅಯೋಡಿನ್ ದ್ರಾವಣ ಸವರಿ ನೋಡಬಹುದು. ಪಿಷ್ಟ ಇರುವ ಕಡೆ ಕಡುನೀಲಿ ಆಗುತ್ತದೆ, ಸಕ್ಕರೆಯಾದ ಕಡೆ ಆಗುವುದಿಲ್ಲ. ಮಾಗುವುದು ನಡುವಿನಿಂದ ಹೊರಕ್ಕೆ. ನಡುಭಾಗ ತಿಳಿಯಾಗಿ ಹೊರಗೆ ಇನ್ನೂ ನೀಲಿ ಇದ್ದರೆ ತಿಂಗಳುಗಟ್ಟಲೆ ಇಡಲು ಒಳ್ಳೆಯ ಹೊತ್ತು. ಪೂರ್ತಿ ತಿಳಿಯಾಗಿದ್ದರೆ ಈಗಲೇ ತಿನ್ನಿ. ಅಯೋಡಿನ್ ಹಚ್ಚಿದ ಹಣ್ಣನ್ನು ಮಾತ್ರ ಬಿಸಾಡಿ.

ಎಲ್ಲ ಜಾತಿಯ ಸೇಬೂ ಅಷ್ಟೇ ದಿನ ಇರುತ್ತದಾ?

ಇಲ್ಲ. ಬೇಸಿಗೆಯಲ್ಲೇ ಹಣ್ಣಾಗುವವು ಒಂದೆರಡು ವಾರಕ್ಕೆ ಹಿಟ್ಟುಹಿಟ್ಟಾಗುತ್ತವೆ. ತಡವಾಗಿ ಬರುವ, ದಪ್ಪ ಸಿಪ್ಪೆಯ ಅಥವಾ ಹುಳಿ ಇರುವ ಜಾತಿಗಳು ಹೆಚ್ಚು ದಿನ ಬಾಳುತ್ತವೆ. ಫ್ಯೂಜಿ, ಗ್ರಾನಿ ಸ್ಮಿತ್, ಬ್ರಾಮ್ಲಿ ಇಂಥವು. ಯಾವ ಜಾತಿ ಅಂತ ಗೊತ್ತಿಲ್ಲದ ಮರವಾದರೆ ಈ ವರ್ಷ ಒಂದು ಬುಟ್ಟಿ ಇಟ್ಟು ನೋಡಿ ಬರೆದಿಟ್ಟುಕೊಳ್ಳಿ.

ಹಸಿಯಾಗಿಯೇ ಇಡುವ ಸರಿಯಾದ ಕ್ರಮ ಏನು?

ಪೆಟ್ಟು ಬಿದ್ದಿಲ್ಲದ, ಹುಳುಕಿಲ್ಲದ, ತೊಟ್ಟಿರುವ ಹಣ್ಣು ಮಾತ್ರ ಆರಿಸಿ. ತೊಳೆಯಬೇಡಿ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಒಂದೇ ಪದರದಲ್ಲಿ ಜೋಡಿಸಿ, ಒಂದು ಕೊಳೆತರೂ ಪಕ್ಕದ್ದಕ್ಕೆ ತಗಲುವುದಿಲ್ಲ. ಸೊನ್ನೆಯಿಂದ 4 ಡಿಗ್ರಿ, ಗಾಳಿಯಲ್ಲಿ ಶೇಕಡಾ 90ರಷ್ಟು ತೇವ ಇದ್ದರೆ ಉತ್ತಮ. ತೇವ ಕಡಿಮೆಯಾದರೆ ಸಿಪ್ಪೆ ಸುಕ್ಕಾಗುತ್ತದೆ. ಅಂಥ ಒಣ ಜಾಗದಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೂರು ಕಿಲೋ ಹಾಕಿ ಬಾಯಿ ಸಡಿಲವಾಗಿ ಮಡಚಿಡಿ. ಮೈನಸ್ 2 ಡಿಗ್ರಿ ಆಸುಪಾಸಿನಲ್ಲಿ ಸೇಬೂ ಹೆಪ್ಪುಗಟ್ಟುತ್ತದೆ, ಹಾಗಾದ ಹಣ್ಣು ಕರಗಿದ ಮೇಲೆ ಮೆತ್ತಗಾಗಿ ಕಂದಾಗುತ್ತದೆ.

ಅಡುಗೆಮನೆಯ ಬುಟ್ಟಿಯಲ್ಲಿಟ್ಟ ಸೇಬು ಫ್ರಿಜ್ಜಿನದ್ದಕ್ಕಿಂತ ಹಲವು ಪಟ್ಟು ಬೇಗ ಮಾಗುತ್ತದೆ. ಚೆಂದಕ್ಕೆ ನಾಲ್ಕು ಇಡಿ, ಉಳಿದದ್ದು ತಂಪಿಗೆ ಹೋಗಲಿ. ವಾರಕ್ಕೊಮ್ಮೆ ಮೂಗು ಹಾಕಿ ನೋಡಿ, ಕೊಳೆ ಮೊದಲು ವಾಸನೆಯಲ್ಲೇ ಗೊತ್ತಾಗುತ್ತದೆ.

ಕೆಳಗೆ ಬಿದ್ದ ಹಣ್ಣು ಬಳಸಬಹುದಾ? ಕೊಳೆತ ಭಾಗ ಕತ್ತರಿಸಿದರೆ ಸಾಕಾ?

ಬರೀ ಪೆಟ್ಟಾಗಿದ್ದರೆ ತೊಳೆದು, ಆ ಭಾಗ ತೆಗೆದು ಅವತ್ತೇ ಬೇಯಿಸಿ. ಇಡಲು ಬರುವುದಿಲ್ಲ. ಆದರೆ ಬೂಷ್ಟು ಹಿಡಿದು ಕಂದಾಗಿ ಕೊಳೆತದ್ದನ್ನು ಬಿಸಾಡಿ. ಸೇಬಿನ ಕೊಳೆಯಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಪ್ಯಾಟುಲಿನ್ ಅನ್ನುವ ವಿಷ ಬಿಡುತ್ತವೆ, ಅದು ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಸೇಬಿನ ರಸದಲ್ಲಿ ಅದು ಕಿಲೋಗೆ 50 ಮೈಕ್ರೋಗ್ರಾಂ ಮೀರಬಾರದು ಅಂತ ಅಂತರರಾಷ್ಟ್ರೀಯ ಆಹಾರ ಮಾನದಂಡವೇ ಇದೆ. ರಸಕ್ಕೆ ಹೇಗಿದ್ದರೂ ನಡೆಯುತ್ತದೆ ಅನ್ನುವ ಮಾತು ತಪ್ಪು.

ಒಣಗಿಸುವುದು ಹೇಗೆ?

ನನಗೆ ಎಲ್ಲಕ್ಕಿಂತ ಇಷ್ಟದ ವಿಧಾನ, ಜಾಗವೂ ಬೇಡ, ಕರೆಂಟೂ ಆಮೇಲೆ ಬೇಡ. ನಡುವಿನ ಬೀಜಕೋಶ ತೆಗೆದು 5ರಿಂದ 6 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ಯಿರಿ. ಸಿಪ್ಪೆ ಇದ್ದರೂ ಸರಿ. ಕಂದಾಗದಿರಲು ನಿಂಬೆರಸ ಹಾಕಿದ ನೀರಲ್ಲಿ ಐದು ಹತ್ತು ನಿಮಿಷ ಅದ್ದಿ, ನೀರು ಒರೆಸಿ. ಹಣ್ಣು ಒಣಗಿಸುವ ಡ್ರೈಯರ್ ಇದ್ದರೆ 55ರಿಂದ 60 ಡಿಗ್ರಿ, 6ರಿಂದ 12 ಗಂಟೆ. ಓವನ್ ಆದರೆ ಅತಿ ಕಡಿಮೆ ಉರಿಯಲ್ಲಿಟ್ಟು ಬಾಗಿಲು ಸ್ವಲ್ಪ ತೆರೆದಿಡಿ, ತೇವ ಹೊರಗೆ ಹೋಗಬೇಕಲ್ವಾ. ಮಕ್ಕಳಿರುವ ಮನೆಯಲ್ಲಿ ಆ ತೆರೆದ ಬಾಗಿಲ ಮೇಲೆ ಕಣ್ಣಿರಲಿ.

ತಣ್ಣಗಾದ ಮೇಲೆ ಬಗ್ಗಿಸಿದರೆ ಬಗ್ಗಬೇಕು, ಹರಿದರೆ ಒಳಗೆ ತೇವ ಕಾಣಬಾರದು. ಕೂಡಲೇ ತುಂಬಿ ಮುಚ್ಚಿ ಮರೆಯಬೇಡಿ. ಗಾಜಿನ ಜಾರಿನಲ್ಲಿ ಸಡಿಲವಾಗಿ ತುಂಬಿ ಒಂದು ವಾರ ದಿನಾ ಅಲ್ಲಾಡಿಸಿ. ಗಾಜಿನ ಒಳಗೆ ಹನಿ ಕಂಡರೆ ಮತ್ತೆ ಒಣಗಿಸಿ. ಸೇಬಿನಲ್ಲಿ ಶೇಕಡಾ 85ರಷ್ಟು ನೀರೇ, ಹಾಗಾಗಿ ದೊಡ್ಡ ಬುಟ್ಟಿ ಒಂದು ಜಾರಿಗೆ ಇಳಿದರೆ ಬೇಸರಪಡಬೇಡಿ.

ಫ್ರೀಜರಿನಲ್ಲಿ?

ಹೋಳು ಮಾಡಿ, ನಿಂಬೆ ನೀರಲ್ಲಿ ಅದ್ದಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ ಆಮೇಲೆ ಚೀಲಕ್ಕೆ ತುಂಬಿ. ಕರಗಿದ ಮೇಲೆ ಗರಿಗರಿ ಇರುವುದಿಲ್ಲ, ಬೇಯಿಸಲು ಮಾತ್ರ. ಬೇಯಿಸಿ ಕಿವುಚಿದ ತಿರುಳು ಇಟ್ಟರೆ ಇನ್ನೂ ಕಡಿಮೆ ಜಾಗ ಸಾಕು.

ತಿರುಳನ್ನು ಬಾಟಲಿಯಲ್ಲಿ ತುಂಬಿ ಹೊರಗೇ ಇಡಬಹುದಾ? ಭಯ ಆಗುತ್ತದೆ.

ಸರಿಯಾಗಿ ಮಾಡಿದರೆ ಭಯ ಬೇಡ. ಸೇಬಿನ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 4ಕ್ಕಿಂತ ಕಡಿಮೆ. ಬಾಟುಲಿಸಂ ಅನ್ನುವ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ 4.6ಕ್ಕಿಂತ ಕೆಳಗೆ ಬೆಳೆಯುವುದಿಲ್ಲ, ಹಾಗಾಗಿ ಕುದಿಯುವ ನೀರಿನ ವಿಧಾನ ಸಾಕು. ಕುದಿಯುತ್ತಿರುವ ತಿರುಳನ್ನು ಬಿಸಿ ಜಾರಿಗೆ ಹಾಕಿ ಮೇಲೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ ಬಿಡಿ. ಗುಳ್ಳೆ ಬಿಡಿಸಿ, ಅಂಚು ಒರೆಸಿ, ಹೊಸ ಮುಚ್ಚಳ ಹಾಕಿ, ಜಾರು ಪೂರ್ತಿ ಮುಳುಗುವ ಕುದಿಯುವ ನೀರಲ್ಲಿಡಿ. ಸಮುದ್ರಮಟ್ಟದಲ್ಲಿ ಅರ್ಧ ಲೀಟರಿನ ಜಾರಿಗೆ 15 ನಿಮಿಷ, ಒಂದು ಲೀಟರಿನದ್ದಕ್ಕೆ 20 ನಿಮಿಷ. ಎತ್ತರದ ಊರಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಸುಮಾರು ಪ್ರತಿ 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ, ಅದಕ್ಕೆ ತಕ್ಕ ಹಾಗೆ ಸಮಯ ಹೆಚ್ಚಿಸಬೇಕು.

ಈ ಲೆಕ್ಕ ಬರೀ ಸೇಬಿಗೆ. ಕುಂಬಳ, ಕ್ಯಾರೆಟ್, ಈರುಳ್ಳಿ ಬೆರೆಸಿದರೆ ಹುಳಿ ಕಡಿಮೆಯಾಗುತ್ತದೆ, ಆಗ ಈ ವಿಧಾನ ನಂಬುವ ಹಾಗಿಲ್ಲ. ಬಿಸಿ ಜಾರನ್ನು ತಲೆಕೆಳಗಾಗಿ ಇಟ್ಟರೆ ಸಾಕು ಅನ್ನುವುದನ್ನೂ ನಂಬಬೇಡಿ. ಮರುದಿನ ಮುಚ್ಚಳದ ನಡುವೆ ಒತ್ತಿ ನೋಡಿ, ಟಕ್ ಅಂತ ಮೇಲೆ ಕೆಳಗೆ ಆದರೆ ಮುಚ್ಚಳ ಬಿಗಿಯಾಗಿ ಕೂತಿಲ್ಲ, ಅದು ಫ್ರಿಜ್ಜಿಗೆ.

ಜೆಲ್ಲಿ ಗಟ್ಟಿಯಾಗುವುದಿಲ್ಲ, ಯಾಕೆ?

ಪೆಕ್ಟಿನ್, ಅಂದರೆ ಜೆಲ್ಲಿಯನ್ನು ಗಟ್ಟಿಯಾಗಿಸುವ ಹಣ್ಣಿನ ಅಂಶ, ಸಾಲದು, ಇಲ್ಲ ಕುದಿ ಸಾಲದು. ಪೆಕ್ಟಿನ್ ಹೆಚ್ಚಿರುವುದು ಸಿಪ್ಪೆ ಮತ್ತು ನಡುಭಾಗದಲ್ಲಿ, ಅದನ್ನು ಬಿಸಾಡಿ ಬರೀ ತಿರುಳು ಬೇಯಿಸಿದರೆ ಹೇಗೆ? ಸಿಪ್ಪೆ ಬೀಜ ಸಮೇತ ಬೇಯಿಸಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ಹಿಂಡಬೇಡಿ, ಹಿಂಡಿದರೆ ಕದಡುತ್ತದೆ. ನಾಲ್ಕು ಕಪ್ ರಸಕ್ಕೆ ಮೂರು ಕಪ್ ಸಕ್ಕರೆ. ನೀರಿನ ಕುದಿಬಿಂದುವಿಗಿಂತ 4ರಿಂದ 5 ಡಿಗ್ರಿ ಮೇಲೆ ಹೋಗಬೇಕು. ಅಥವಾ ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಹಾಕಿ ಬೆರಳಲ್ಲಿ ತಳ್ಳಿ, ಸುಕ್ಕು ಬಂದರೆ ಇಳಿಸಿ. ಪೂರ್ತಿ ಹಣ್ಣಾದವುಗಳ ಜೊತೆ ಒಂದು ಪಾಲು ಹುಳಿ ಕಾಯಿ ಸೇರಿಸಿದರೆ ಬೇಗ ಗಟ್ಟಿಯಾಗುತ್ತದೆ.

ಹಿಂಡಿದ ರಸವನ್ನು ಹಾಗೇ ಕುಡಿಯಬಹುದಾ?

ಕಾಯಿಸಿ ಕುಡಿಯಿರಿ. ನೆಲದ ಮೇಲೆ ಬಿದ್ದ ಹಣ್ಣಿಗೆ ಪ್ರಾಣಿಗಳ ಸಗಣಿ ತಾಗಿರಬಹುದು. 1996ರಲ್ಲಿ ಅಮೆರಿಕದಲ್ಲಿ ಕಾಯಿಸದ ಸೇಬಿನ ರಸದಿಂದ ಇ. ಕೊಲೈ ಸೋಂಕು ಹರಡಿ ಒಂದು ಮಗು ತೀರಿಕೊಂಡಿತು. 71 ಡಿಗ್ರಿ ದಾಟಿಸಿದರೆ ಆ ಬ್ಯಾಕ್ಟೀರಿಯಾ ಸಾಯುತ್ತದೆ, ಕುದಿಸಿ ರುಚಿ ಕೆಡಿಸಬೇಕಾಗಿಲ್ಲ. ಫ್ರೀಜರಿನಲ್ಲಿ ಇಡುವುದಾದರೆ ಬಾಟಲಿಯ ಕತ್ತಿನವರೆಗೆ ತುಂಬಬೇಡಿ, ಒಡೆಯುತ್ತದೆ.

ಚಳಿ ಮುಗಿಯುತ್ತಿದೆ. ಗಿಡ ಬದುಕಿದೆಯಾ ಅಂತ ಹೇಗೆ ನೋಡುವುದು, ಯಾವಾಗ ಹೊರಗಿಡುವುದು?

ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಬದುಕಿದೆ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆದು ನೋಡಿ, ಬುಡದಿಂದ ಚಿಗುರುವ ಗಿಡಗಳು ಬಹಳ. ದಾಸವಾಳ, ಬ್ರಗ್ಮಾನ್ಸಿಯಾ ತಡವಾಗಿ ಏಳುತ್ತವೆ, ಬೇಗ ಕೈಬಿಡಬೇಡಿ.

ಹೊರಗಿಡುವಾಗ ಒಂದೇ ಸಲ ಬಿಸಿಲಿಗೆ ನೂಕಿದರೆ ಎಲೆ ಸುಟ್ಟು ಬಿಳಿಯಾಗುತ್ತದೆ. ಮೊದಲು ನೆರಳಿನಲ್ಲಿ ಒಂದೆರಡು ಗಂಟೆ, ದಿನದಿನಕ್ಕೆ ಹೆಚ್ಚಿಸುತ್ತಾ ಹತ್ತು ದಿನದಲ್ಲಿ ಪೂರ್ತಿ ಹೊರಗೆ. ರಾತ್ರಿ ಹೆಪ್ಪುಗಟ್ಟುವ ಭಯ ಹೋಗುವವರೆಗೆ ಸಂಜೆ ಒಳಗೆ ತನ್ನಿ. ಡೇಲಿಯಾ ಗೆಡ್ಡೆಯನ್ನು ಅದಕ್ಕೂ ಒಂದು ತಿಂಗಳು ಮೊದಲೇ ಕುಂಡದಲ್ಲಿ ನೆಟ್ಟು ಒಳಗೆ ಬೆಳಕಿನಲ್ಲಿ ಮೊಳೆಸಿಕೊಳ್ಳಬಹುದು. ಆಗ ಕಣ್ಣುಗಳು ಚೆನ್ನಾಗಿ ಕಾಣುತ್ತವೆ, ಗೊಂಚಲನ್ನು ಭಾಗ ಮಾಡುವುದಿದ್ದರೆ ಪ್ರತಿ ತುಂಡಿಗೂ ಒಂದು ಕಣ್ಣು ಬರುವ ಹಾಗೆ ಕತ್ತರಿಸಿ ನೆಡಿ.